ಕಪ್ಪೇರದ ಡಬ್ಬಿ

ದಾದಾನ ಬಾಯಾಗ ಆ ಹೆಸರು ತಿರುಗತಿರಲಿಲ್ಲ.
ಜನರಲ್ ಲಿಂಡೆಕ್. ದಾದಾ ಅಂತಿದ್ದ: ಲಿಂಡೇಕರ್,
ಉದಗೀರ ಕಡೆಯ ಯಾವನೋ ಕುಲಕರ್ಣಿಯ ಅಡ್ಡಹೆಸರಿನಂಗ.

ಟೊಬ್ರೂಕಿನ ಮರಳಾಗ ಸೆರೆಸಿಕ್ಕು
ಇಟಲಿ ದಾಟಿ ಜರ್ಮನಿಯಾಗ ಬಂದು ಬಿದ್ದ
ಹೇಸರಗತ್ತಿ ಕಂಪನಿಯ ಸಿಪಾಯಿ ದಸ್ತಗೀರ,
ಬೀದರಿನ ಚೌಬಾರಾದ ಹಿಂದಿನ ಓಣಿಯವ.
ಕೈದಿಗಳ ಪಟ್ಟಿಯಾಗ ಕಸಬು: ತಗಡಿನ ಕೆಲಸ.
ಅಷ್ಟೇ ಸಾಕಾತು. ಒಂದು ಮುಂಜಾನಿ
ಕರಕೊಂಡು ಹೋದರು ಜನರಲನ ಮನಿಗೆ.

ಒಂದು ಕಾಲು ರಷ್ಯಾದ ಹಿಮದಾಗ ಬಿಟ್ಟುಬಂದ ಮುದುಕ.
ಮೇಜಿನ ಮ್ಯಾಲ ಏಳು ಔಷಧದ ಶೀಸೆ,
ಒಂದೊಂದರಾಗ ಒಂದು ಚಿಟಿಕಿ ಮಣ್ಣು,
ಒಂದೊಂದಕ್ಕ ಚೀಟಿ: ತಾನು ಹೊಕ್ಕ ಊರು, ಹೊಕ್ಕ ತಾರೀಖು.
ಅವೇ ಹೆಸರು ಬೇಕಂತ, ಡಬ್ಬಿಯ ಮುಚ್ಚಳದ ಮ್ಯಾಲ,
ಬೆಳ್ಳಿಯೊಳಗ, ಸಾಲಾಗಿ.

ಸತುವು ಎಲ್ಲಿಂದ? ಬಾಂಬಿಗೆ ಕುಸಿದ ಮನಿಯ
ಸೂರಿನ ದೋಣಿ. ತಾಮ್ರ, ಕರೆಂಟಿನ ತಂತಿ.
ಬೆಳ್ಳಿ, ಸತ್ತ ಹೆಂಡತಿಯ ಸಕ್ಕರಿ ಚಮಚ.
ಅದನ್ನ ಕಾಸಿ, ಎಳೆದು, ಕೂದಲೆಳಿ ಮಾಡಿ
ಉಳಿಯ ಗೀರಿನಾಗ ಕೂಡಿಸಿ ಬಡಿದ ದಾದಾ,
ಓದಾಕ ಬಾರದ ಅಕ್ಷರ, ಬಳ್ಳಿ ಅಂತ ತಿಳಿದು,
ಹೂವು ಅಂತ ತಿಳಿದು. ಎರಡು ತಿಂಗಳು.
ದಿನಕ್ಕ ಒಂದು ಬಟಾಟಿ ಕೂಲಿ.

ಮುದುಕ ಬಾಜೂಕ ಕೂತು ಹೇಳಾವನಂತ:
ಈ ಊರಿಗೆ ನಸುಕಿನ ನಾಲ್ಕಕ್ಕ ಟ್ಯಾಂಕು,
ಈ ಸೇತುವೆ ಒಂದೇ ತಾಸಿನಾಗ,
ಇಲ್ಲಿತನಕ ಮೇಜರ್, ಇಲ್ಲಿಂದ ಕರ್ನಲ್.
ದುಭಾಷಿ ಪಂಜಾಬಿನವ, ಅರ್ಧ ಹೇಳಿ ಆಕಳಿಸತಿದ್ದ.
"ಆ ಊರಿನ ಮಂದಿ?" ದಾದಾ ಒಮ್ಮೆ ಕೇಳಿದ.
ದುಭಾಷಿ ಆ ಮಾತನ್ನ ದಾಟಿಸಲಿಲ್ಲ.

ಕಾನಸಿನಿಂದ ತಿಕ್ಕಿ ನುಣುಪು ಮಾಡಿದ ಮ್ಯಾಲ
ಬಿಳಿಯೊಳಗ ಬಿಳಿ ಮುಳುಗಿತು.
ಜನರಲ್ ತಿರುವಿ ತಿರುವಿ ನೋಡಿದ,
ಕನ್ನಡಕ ಹಾಕಿ, ಕನ್ನಡಕ ತೆಗೆದು.
ಊರಿಲ್ಲ, ತಾರೀಖಿಲ್ಲ.

"ಮಣ್ಣು ಬೇಕು ಸಾಹೇಬ, ನಮ್ಮ ಕಿಲ್ಲಾದ್ದು.
ಬಿಸಿಲು ಮಳಿ ಕಾಣದ ಮೂಲಿಯದು.
ನವಸಾಗರದ ನೀರಾಗ ಕಲಸಿ ಹಚ್ಚಿದರ
ಸತುವು ಕಪ್ಪಾಗತದ, ಬೆಳ್ಳಿ ಉಳೀತದ."

ಜನರಲ್ ಶೀಸೆಗಳನ್ನ ಮುಂದ ಸರಿಸಿದ.

ದಾದಾ ಒಂದೊಂದೇ ನಾಲಿಗಿಗೆ ಹಚ್ಚಿ ನೋಡಿದ,
ನಮ್ಮವರು ಮಣ್ಣಿನ ಪಾರಖ ಮಾಡೂದೇ ಹಂಗ.
ಒಂದು ಬರೇ ಸುಣ್ಣ. ಒಂದಕ್ಕ ಕಲ್ಲಿದ್ದಲ ವಾಸನಿ.
ಮೂರನೇದು, ನಾಲ್ಕನೇದು ಮಳಿ ತಿಂದು ಸಪ್ಪಗ.
ಐದನೇದರಾಗ ಬೂದಿ ಇತ್ತು. ಒಲಿಯ ಬೂದಿ ಅಲ್ಲ.
ಆರನೇದು ಏನಿತ್ತಂತ ಕಡೀತನಕ ಹೇಳಲಿಲ್ಲ.
ಏಳನೇ ಶೀಸೆಯ ಮ್ಯಾಲ ಜನರಲ್ ತಾನೇ ಕೈ ಇಟ್ಟ,
ಅದು ಕಾಲು ಹೋದ ಊರಿಂದು.
ಉಳಿದದ್ದೆಲ್ಲ ಕೂಡಿಸಿ ಹಚ್ಚಿದರು.
ಡಬ್ಬಿ ಬಿಳಿಚಿಕೊಂಡೇ ಇತ್ತು.

ಚಳಿ ಒಡೆಯೂ ಹೊತ್ತಿಗೆ ಮೂಡಣದಿಂದ ತೋಪಿನ ಸಪ್ಪಳ.
ಜನರಲ್ ಎತ್ತ ಹೋದನೋ. ದಾದಾ ಬೀದರಿಗೆ ಬಂದ,
ಜೇಬಿನಾಗ ಡಬ್ಬಿ. ಕೂಲಿ ಬಾಕಿ ಇತ್ತು,
ಅದಕ್ಕ ತಂದೆ, ಅಂತಿದ್ದ.

ಇಲ್ಲಿ ಮಣ್ಣಿತ್ತು, ಕಿಲ್ಲಾ ಕೂಗಳತಿಯಾಗಿತ್ತು. ಹಚ್ಚಲಿಲ್ಲ.
ಪೊಲೀಸ್ ಆ್ಯಕ್ಷನ್ ವರ್ಷ ಕುಲುಮಿ ಹೊತ್ತಲಿಲ್ಲ,
ಎಷ್ಟೋ ದಿನದ ಮ್ಯಾಲ ಕಿಲ್ಲಾಕ್ಕ ಹೋಗಿ
ಅದೇ ಮೂಲಿಯ ಮಣ್ಣು ನೆಕ್ಕಿ ನೋಡಿ
ಉಗುಳಿ ಬಂದನಂತ. ದಾದಿಗೂ ಕಾರಣ ಹೇಳಲಿಲ್ಲ.

ಈಗ ಡಬ್ಬಿ ನನ್ನ ಹತ್ತಿರ. ಸೂಜಿ, ಗುಂಡಿ, ಲೈಟ್ ಬಿಲ್ಲು.
ಪುಣೆಯಿಂದ ಬಂದಾಕಿ ಅಂದಳು:
ಕಪ್ಪು ಮಾಡಿಕೊಡು, ಕೇಳಿದಷ್ಟು ಕೊಡತೀನಿ, ಇತಿಹಾಸ ಇದು.
ಹತ್ತು ನಿಮಿಷದ ಕೆಲಸ.
ಚಹಾ ಕುಡಿಸಿ ಕಳಿಸಿದೆ.

ಆದರ ಬೆಳ್ಳಿಗೂ ತನ್ನದೊಂದು ಚಟ ಅದ.
ಮಳಿಗಾಲದ ತೇವಕ್ಕ ತಾನೇ ಮಾಸತದ,
ಬಿಳಿಯ ಮ್ಯಾಲ ಕಂದು ಗೀರು ಏಳತಾವ,
ಒಂದು ಊರಿನ ಅರ್ಧ, ಒಂದು ತಾರೀಖಿನ ಬಾಲ.
ಇನ್ನೇನು ಓದಾಕ ಬಂತು ಅನ್ನೂದರಾಗ
ಒಲಿಯ ಬೂದಿ ಹಚ್ಚಿ ತಿಕ್ಕತೀನಿ.
ವರ್ಷಕ್ಕೊಮ್ಮಿ. ಕೈ ನೋಯೂತನಕ.