ಇಳಿಸಿದ್ಲಾ?

ಮಂಡಕ್ಕಿ ಚೀಲ ಹೊತ್ತವರಿಗೆ ಗೊತ್ತು:
ಕಣ್ಣಿಗೆ ಬೆಟ್ಟ, ಹೆಗಲಿಗೆ ಗಾಳಿ.
ಆರು ವರ್ಷದ ಹುಡುಗಿ ಅದರಡಿ ನಡೆದು ಬಂದರೆ
ಚೀಲಕ್ಕೇ ಎರಡು ಕಾಲು ಮೂಡಿದಂತೆ.
ಹಾಗೇ ಬರುತ್ತಿದ್ದಳು ಖಾಜಾಬಿಯ ಮಗಳು ಗುಲ್ಜಾರ್‌ಬಾನು,
ಓಣಿಯ ಬಾಯಲ್ಲಿ ಗುಲ್ಲು.
ನನ್ನ ಕಾಟಾದ ಮೇಲೆ ಚೀಲ ಇಟ್ಟು, ತಾನೂ ಹತ್ತಿ ನಿಂತು
"ಕಾಕಾ, ಈಗ ಬರಿ" ಅನ್ನುತ್ತಿದ್ದಳು.
ನಾನು ಬರೆಯುತ್ತಿರಲಿಲ್ಲ.
ಚೀಲ ಒಂಬತ್ತು ಕೆಜಿ, ಹುಡುಗಿ ಹದಿನಾರು.

ಹನ್ನೆರಡಕ್ಕೆ ಆ ಹಗುರ ಸಾಕಾಯಿತು ಅವಳಿಗೆ.
ಗರಡಿಯ ಹಿಂದೆ ಎಣ್ಣೆ ಡಬ್ಬಿಗೆ ಸಿಮೆಂಟು ತುಂಬಿ
ಹಾರೆಯ ಎರಡು ತುದಿಗೆ ಸಿಕ್ಕಿಸಿದಳು.
ನಿಂಗಪ್ಪ ಉಸ್ತಾದರು ಬೈಯಲೆಂದು ಬಂದವರು
ಬೈಯದೆ, ಅವಳ ಪಾದ ಎಲ್ಲಿ ಊರಬೇಕೆಂದು
ಕಡ್ಡಿಯಲ್ಲಿ ಗೆರೆ ಎಳೆದು ಹೋದರು.

ಅಲ್ಲಿ ಯಾವ ದೇಶವೋ, ಹಗಲಂತೆ. ದಾವಣಗೆರೆಯಲ್ಲಿ ರಾತ್ರಿ ಒಂದೂವರೆ.
ಹಾಲೇಶಿಯ ಮೊಬೈಲ್ ಅಂಗಡಿ ಟೀವಿ
ನಾಲ್ಕು ಅಕ್ಕಿ ಮೂಟೆಯ ಮೇಲೆ ಕೂತಿತ್ತು.
ಕೊಟ್ರಮ್ಮ ಮಿರ್ಚಿ ಬಾಣಲೆ ಸಮೇತ ಬಂದಳು.
ಚರಂಡಿ ಜಗಳದಿಂದ ಮೂರು ವರ್ಷ ಮಾತು ಬಿಟ್ಟ ದಾದಾಪೀರ್, ಮುರುಗೇಂದ್ರಪ್ಪ
ಒಂದೇ ಬೆಂಚು, ನಡುವೆ ಒಂದು ಪೊಟ್ಟಣ ಖಾರಾ ಮಂಡಕ್ಕಿ.
ಗಲಾಟೆ ನಿಲ್ಲಿಸಲು ಬಂದ ಬೀಟಿನ ಪೊಲೀಸು
ಬೈಕಿನಿಂದ ಇಳಿಯದೆ, ಹೋಗದೆ, ನಿಂತ.

ಬರಲಿಲ್ಲ ಖಾಜಾಬಿ ಒಬ್ಬಳು.
"ಮರಳು ಕಾದೈತಿ. ಬಿಟ್ಟು ಬಂದ್ರ ಅಕ್ಕಿ ಸೀಯ್ತಾವು."

ಎಂಬತ್ತೆಂಟು ಕೆಜಿ ಎಂದಿತು ಟೀವಿ.
"ಎಂಬತ್ತೆಂಟು ಅಂದ್ರ ಎಷ್ಟಪಾ, ತೂಕದ ತಿಪ್ಪೇಶಿ?"
ಒಂಬತ್ತೂಮುಕ್ಕಾಲು ಚೀಲ ಮಂಡಕ್ಕಿ, ಎಂದೆ.
"ಇಷ್ಟಕ್ಕ ವಿಮಾನ ಹತ್ತಬೇಕಿತ್ತಾ!" ನಕ್ಕರು.
ಸರಿ ಹಾಗಾದರೆ, ನಮ್ಮ ಉಸ್ತಾದರು, ಅವರ ಸೈಕಲ್ಲು ಸೇರಿ.
ಎಲ್ಲರೂ ಉಸ್ತಾದರ ಹೊಟ್ಟೆ ನೋಡಿದರು.
ನಗು ನಿಂತಿತು.

ಮೊದಲ ಸಲ ಹಿಂದಕ್ಕೆ ಬಿತ್ತು.
ಎರಡನೆಯ ಸಲ ಮೊಣಕೈ ಕೂದಲೆಳೆಯಷ್ಟು ಮಡಚಿತು,
ಕೆಂಪು ದೀಪ.
ಉಸ್ತಾದರು ಹೊಸ ಅಂಗಿಯ ಗುಂಡಿ ಬಿಚ್ಚಿದರು, ಹಾಕಿದರು, ಬಿಚ್ಚಿದರು.
ಗುಲ್ಲಿನ ಓಣಿಯಲ್ಲಿ ಗುಲ್ಲೇ ಇಲ್ಲದ್ದನ್ನು
ನಾನು ಕಂಡದ್ದು ಅವತ್ತೇ.

ಮೂರನೆಯದಕ್ಕೆ ಮೊದಲು ಗೋಡೆ ಬಣ್ಣದ ಜಾಹೀರಾತು.
ಒಂದು ಸುಖೀ ಸಂಸಾರ ಗೋಡೆ ಸವರಿ ಸವರಿ ನಕ್ಕಿತು.
ದಾದಾಪೀರ್ ಆ ಗೋಡೆಯ ವಂಶವನ್ನೆಲ್ಲ ಬೈದ.
ತೆರೆ ಮರಳಿದಾಗ ಅವಳಾಗಲೇ
ಕುಕ್ಕರುಗಾಲಲ್ಲಿ, ತಲೆಯ ಮೇಲೆ ಕಬ್ಬಿಣ,
ಅಂಗೈಗೆಲ್ಲ ಬಿಳಿ ಹಿಟ್ಟು.

ಭಟ್ಟಿಯಿಂದ ಸರ್ರೆಂದು ಸದ್ದು.
ಖಾಜಾಬಿ ಮರಳಿಗೆ ಅಕ್ಕಿ ಸುರಿದಿದ್ದಳು.
ಕಾಳು ಅರಳಲು ಬೇಕಾಗುವ ಒಂದೇ ಉಸಿರು.
ಅಷ್ಟರಲ್ಲಿ ಅವಳು ಎದ್ದು ನಿಂತಿದ್ದಳು.

ಆಮೇಲಿನದು ನನಗೆ ಸರಿಯಾಗಿ ನೆನಪಿಲ್ಲ.
ಪೊಲೀಸು ತಾನೇ ಸೀಟಿ ಊದಿದ.
ಯಾರೋ ನನ್ನನ್ನು ಎತ್ತಿದರು, ನಾನು ಅರವತ್ತೆರಡು.

ಬೂದಿಗೈಯಲ್ಲೇ ಓಡಿ ಬಂದಳು ಖಾಜಾಬಿ.
"ಎತ್ತಿದ್ಲು ಬೀಬೀ, ಎತ್ತಿದ್ಲು!"
"ಇಳಿಸಿದ್ಲಾ?"

ಟೀವಿ ಮತ್ತೆ ನಿಧಾನವಾಗಿ ತೋರಿಸಿತು.
ನಿಂತಳು, ನಕ್ಕಳು, ಎರಡು ಕೈ ಬಿಟ್ಟಳು,
ಎಂಬತ್ತೆಂಟು ಕೆಜಿ ಧೊಪ್ಪನೆ ಬಿದ್ದು ಪುಟಿಯಿತು.
ತಾಯಿಯ ಮುಖ ಕಿವುಚಿತು:
"ಎತ್ತಿದ್ದನ್ನ ಹಿಂಗ ಬಿಸಾಕ್ತಾರಾ? ನಾ ಹಿಂಗ ಕಲಿಸಿಲ್ಲ."

ಕೊನೆಗೆ ಹನ್ನೆರಡು ಜನರಲ್ಲಿ ಒಂಬತ್ತನೆಯವಳು.
ಪಟ್ಟಿಯಲ್ಲಿ ನಮ್ಮ ಕಣ್ಣು ಅವಳ ಹೆಸರಿಗೆ ಇಳಿಯುವ ಮೊದಲೇ
ಟೀವಿ ಈಜುಕೊಳಕ್ಕೆ ಜಿಗಿದಿತ್ತು.

ನಸುಕಿನಲ್ಲಿ ಕಾಟಾ ಒರೆಸುತ್ತಿದ್ದೆ, ಕಂಬದ ಮರೆಗೆ.
ಖಾಜಾಬಿ ದಿನದ ಮೊದಲ ಚೀಲ ತಂದಳು.
ಅತ್ತಿತ್ತ ನೋಡಿದಳು. ಯಾರೂ ಇಲ್ಲ ಎಂದುಕೊಂಡಳು.
ಚೀಲವನ್ನು ತಲೆಯ ಮೇಲೆ ತೋಳುದ್ದ ಎತ್ತಿ, ಒಂದು ಗಳಿಗೆ ನಿಂತು
ಎರಡು ಕೈ ಬಿಟ್ಟಳು.

ಮಂಡಕ್ಕಿ ತಾನೆ, ಸದ್ದೇ ಆಗಲಿಲ್ಲ.
ಕಾಟಾದ ಮುಳ್ಳು ಮಾತ್ರ ಹೌಹಾರಿ ಮೂವತ್ತು ದಾಟಿ
ಹಿಂದೆ ಬಂದು, ಮುಂದೆ ಹೋಗಿ
ಬಹಳ ಹೊತ್ತಿನ ಮೇಲೆ
ಒಂಬತ್ತಕ್ಕೆ ನಿಂತಿತು.