ಹದಿನಾಲ್ಕು ಇಂಚು

ಮೌನೇಶ ಬಡಿಗೇರ ಟೇಪು ಎಳೆದು ಬಿಟ್ಟ. ಅದು ಸರ್ರನೆ
ತನ್ನ ಡಬ್ಬಿಯೊಳಗೆ ಹೊಕ್ಕಿತು.
‘ಹದಿನಾಕು ಇಂಚು ಹೊರಗ ಬರ್ತೈತ್ರಿ ಸರ,
ಕಾಲು ಕೊಡಲೇನು?’

ಕಾಲು ಬೇಡ ಎಂದೆ.
ಇಪ್ಪತ್ತೆರಡು ವರ್ಷ ದರ್ಶಿನಿಯ ದೋಸೆಕಲ್ಲಿನ ಮುಂದೆ ನಿಂತವನು,
ಕಾಲಿನ ಮಾತು ನನ್ನ ಹತ್ತಿರ ಬೇಡ.
ಅಲ್ಲಿ ಎಲ್ಲರೂ ನಿಂತೇ ತಿನ್ನುವವರು.
ಒಂಟಿಗಾಲಿನ ಸ್ಟೀಲು ಮೇಜು, ಕಂಕುಳಲ್ಲಿ ಹೆಲ್ಮೆಟ್ಟು,
ಇನ್ನೊಂದು ಸೌಟು ಚಟ್ನಿಗೆ ತಟ್ಟೆ ಚಾಚುವಾಗಲೇ
ಬಸ್ಸಿನ ಕಡೆಗೆ ಕಣ್ಣು.
ಮನೆಯಲ್ಲಾದರೂ ಒಂದು ಹಲಗೆ ಬೇಕಿತ್ತು ನನಗೆ,
ಮೊಣಕೈ ಊರಿ, ಮಂಡಿ ಒಳಗಿಟ್ಟು
ಕೂತು ತಿನ್ನಲು.

ಹಲಗೆ ಹೊನ್ನೆಯದು. ಮೈಸೂರು ರಸ್ತೆಯ ಹಳೇ ಮರದಂಗಡಿಯಲ್ಲಿ
ಯಾರದೋ ಬಾಗಿಲಾಗಿ ಗೋಡೆಗೆ ಒರಗಿತ್ತು.
ಚಿಲಕದ ತೂತು ಹಾಗೇ ಇದೆ.
‘ಮುಚ್ಚಿಸಿ, ಸಕ್ಕರೆ ಉದುರುತ್ತೆ’ ಎಂದಳು ವನಜಾಕ್ಷಿ.
ಮುಚ್ಚಿಸಲಿಲ್ಲ.

ಅಡುಗೆಮನೆಯ ಮೋಟುಗೋಡೆಯನ್ನು ಬೆರಳಲ್ಲಿ ಕುಟ್ಟಿದ.
ನಾಲ್ಕಿಂಚು, ಹಾಲೋ ಬ್ಲಾಕು. ಟೊಳ್ಳೆಂದಿತು.
‘ಇದಕ್ಕ ಮದನಕೈ ಬಡದ್ರ
ಗ್ವಾಡಿ ಸಮೇತ ಕಿತ್ತು ಬರ್ತೈತಿ.’
ಮದನಕೈ!
ವನಜಾಕ್ಷಿ ಒಗ್ಗರಣೆ ಸೌಟು ಹಿಡಿದೇ ನಕ್ಕಳು:
‘ಈ ಮನೆಗೆ ಇರೋಳು ಒಬ್ಳೇ ಸಾಕು.’
ಸಾಸಿವೆ ಸೀದಿತು.

ಮೂರು ಕಬ್ಬಿಣದ ಪಟ್ಟಿ ತಂದ ಮಾರನೆಯ ದಿನ.
ಹಲಗೆ ಮಗುಚಿ, ಅದರ ಹೊಟ್ಟೆಯಲ್ಲಿ ಮೂರು ಕಾಲುವೆ ಕೊರೆದ.
ಪಟ್ಟಿಯ ಬಾಲ ಅಷ್ಟುದ್ದ ಯಾಕೆ, ದುಡ್ಡು ದಂಡ ಎಂದರೆ,
‘ಹೊರಗ ಒಂದು ಗೇಣು ಚಾಚಬೇಕಂದ್ರ
ಒಳಗ ಎರಡು ಗೇಣು ಹುದುಗಿರಬೇಕ್ರಿ.’
ತತ್ವವೆಂದು ಹೇಳಿದ್ದಲ್ಲ,
ಹಲ್ಲಿನಲ್ಲಿ ನಾಲ್ಕು ಸ್ಕ್ರೂ ಕಚ್ಚಿಕೊಂಡಿದ್ದ ಆಗ.

ಪಟ್ಟಿಯ ತೂತುಗಳು ದುಂಡಗಿಲ್ಲ, ಉದ್ದುದ್ದ, ಹುಣಿಸೆಬೀಜದ ಹಾಗೆ.
‘ಕಟಗಿ ಸತ್ತಿರೂದಿಲ್ಲ ಸರ.
ಮಳಿಗಾಲಕ್ಕ ಉಬ್ಬತೈತಿ, ಬ್ಯಾಸಗಿಗೆ ಸೊರಗತೈತಿ,
ಭಾಳ ಬಿಗಿ ಹಿಡದ್ರ ಸೀಳತೈತಿ.’

ಆಮೇಲೆ ತುದಿಯ ಮೇಲೆ ತಾನೇ ಹತ್ತಿ ಕೂತ.
ಎಂಬತ್ತು ಕಿಲೋ ಆಳು, ಕಾಲು ತೂಗುತ್ತ.
ಹಲಗೆ ಕಮಕ್ ಕಿಮಕ್ ಎನ್ನಲಿಲ್ಲ.
‘ಅಯ್ಯೋ, ತಿಂಡಿ ಇಡೋ ಜಾಗ ಕಣಪ್ಪ!’
ಇಳಿದು, ತಲೆಗೆ ಸುತ್ತಿದ್ದ ಟವೆಲ್ಲಿನಿಂದಲೇ ಒರೆಸಿದ.

ಭಾನುವಾರ ಕೂತೆ. ಮಂಡಿಗೆ ಏನೂ ತಾಗಲಿಲ್ಲ.
ಸುಂಕದಕಟ್ಟೆಯ ಬೆಳಕು ಎದುರಿನ ನೀರಿನ ಟ್ಯಾಂಕನ್ನು ಬಳಸಿ
ತಡವಾಗಿ ಬಂದು ತಟ್ಟೆಯಲ್ಲಿ ಬಿತ್ತು.
ಅವಳು ಗೋಡೆಯ ಆಚೆ ನಿಂತೇ ದೋಸೆ ಮುರಿಯುತ್ತಿದ್ದಳು.
ಕೂತ್ಕೋ ಮಾರಾಯ್ತಿ, ಎಂದೆ.
‘ಗಾರ್ಮೆಂಟ್ಸಲ್ಲಿ ದಿನಕ್ಕೆ ಒಂಬತ್ತು ಗಂಟೆ ಕೂರ್ತೀನಿ.
ಇದೊಂದಾದ್ರೂ ನಿಂತ್ಕೊಂಡು ತಿನ್ನಕ್ಕೆ ಬಿಡಿ.’

ನಾನಿದನ್ನು ಅಳತೆಗೆ ಹಿಡಿದಿರಲಿಲ್ಲ.

ಎರಡೂ ಕಡೆಯಿಂದ ಮೊಣಕೈ ಊರಿದೆವು.
ಎರಡನೆಯ ಸ್ಟೂಲು
ಇನ್ನೂ ಪ್ಲಾಸ್ಟಿಕ್ ಕವರಿನಲ್ಲೇ ಇದೆ.