ಪುಟ ಮೂವತ್ತೊಂದು

ಪಡುವಾರಹಳ್ಳಿ ಎರಡನೇ ಅಡ್ಡರಸ್ತೆಯಲ್ಲಿ ನಮ್ಮ ಅಂಗಡಿ.
ಒಂಬತ್ತಡಿ ಅಗಲ, ಗಲ್ಲಾದ ಮೇಲೊಂದು ಟ್ಯೂಬ್‌ಲೈಟು,
ಮೊಳೆಗೆ ನೇತುಬಿದ್ದ ಉದ್ರಿ ಪುಸ್ತಕ.
ಗಂಗೋತ್ರಿಗೆ ಓದಲು ಬಂದ ಹುಡುಗರೆಲ್ಲ
ಅದರಲ್ಲಿ ಒಂದೊಂದು ಪುಟ.

ಶಿಫಾನನದು ಮೂವತ್ತೊಂದು.
ಅವನಿಗೆ ನೆಟ್ಟಗೆ ಬರುತ್ತಿದ್ದ ಕನ್ನಡ ಮೂರೇ ಮಾತು:
ಮೊಟ್ಟೆ, ಚಿಲ್ಲರೆ, ನಾಳೆ.
ಉಳಿದದ್ದು ಹಿಂದಿ, ಕೈಸನ್ನೆ, ನಗು.
ನಿನ್ನ ದೇಶ ತೋರಿಸಪ್ಪ ಅಂದೆ ಒಮ್ಮೆ.
ಮಗಳ ಅಟ್ಲಾಸು ತಿರುವಿ ನೀಲಿಯ ಮೇಲೆ ಬೆರಳಿಟ್ಟ.
ಹೆಸರಿತ್ತು, ನೆಲವಿರಲಿಲ್ಲ.
ಅಚ್ಚಿನ ತಪ್ಪಾ?
ಇಲ್ಲ ಅಂಕಲ್, ನಾವು ಅಕ್ಷರದ ಅಡಿಯಲ್ಲಿದ್ದೀವಿ.

ಮೊಟ್ಟೆ ಎಣಿಸುವಾಗ ಒಂದು ಸಂಜೆ ಹೇಳಿದ:
ಅಲ್ಲಿ ಗದ್ದೆಯಿಲ್ಲ, ಹೊಳೆಯಿಲ್ಲ, ಬಂಡೆಯಿಲ್ಲ,
ಮನೆ ಕಟ್ಟುವ ಮರಳೂ ನಮ್ಮ ಕಡೆಯಿಂದಲೇ ಹಡಗು ಹತ್ತಬೇಕು.
ವರ್ಷಕ್ಕೆ ಇಷ್ಟು ಈರುಳ್ಳಿ, ಇಷ್ಟು ಸಕ್ಕರೆ, ಇಷ್ಟು ಮೊಟ್ಟೆ ಎಂದು
ದಿಲ್ಲಿಯಲ್ಲಿ ಯಾರೋ ಸಹಿ ಹಾಕುತ್ತಾರಂತೆ.
ಸಹಿ ತಡವಾದ ವರ್ಷ ಅವನಮ್ಮ
ತಂಗಿಯ ಹುಟ್ಟುಹಬ್ಬಕ್ಕೆ ಕೇಕು ಮಾಡಲಿಲ್ಲವಂತೆ.

ನನಗೆ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ.
ಕನ್ನಂಬಾಡಿ ಹಿನ್ನೀರು ಬಿಟ್ಟು ಬೇರೆ ಕಡಲು ಕಾಣದವನು
ಆ ಗಳಿಗೆ ಒಂದು ದೇಶಕ್ಕೇ ಅನ್ನ ಇಡುವ ಯಜಮಾನ.
ಮತ್ತೆ ನೀವು ನಮಗೇನು ಕೊಡ್ತೀರಿ? ಅಂದೆ.
ಒಣಮೀನು, ಅಂದ. ಆಮೇಲೆ
ಒಂದು ಮೊಟ್ಟೆ ಬೆಳಕಿಗೆ ಹಿಡಿದು ನೋಡುತ್ತಾ:
ನಮ್ಮ ರೇವಲ್ಲಿ ಯಾರ ಹಡಗು ನಿಲ್ಲಬಹುದು ಅಂತ
ನಿಮ್ಮನ್ನ ಕೇಳ್ತೀವಿ.

ಶ್ರಾವಣದಲ್ಲಿ ಅವನ ದೇಶದಲ್ಲಿ ಡಾಲರು ಮುಗಿಯಿತು.
ಸೀಮೆಎಣ್ಣೆ ಮುಗಿದ ಹಾಗೆ ಡಾಲರೂ ಮುಗಿಯುತ್ತದೆಂದು
ನನಗೆ ಗೊತ್ತಿರಲಿಲ್ಲ.
ಬ್ಯಾಂಕು ಕಾರ್ಡಿಗೆ ಬೀಗ ಜಡಿಯಿತು,
ಎಟಿಎಂ ಬಾಗಿಲಿಂದ ಹುಡುಗ ಬರಿಗೈಲಿ ಬಂದ.
ಇರ್ಲಿ ತಗೋ, ಎಲ್ಲಿಗೆ ಓಡ್ಹೋಗ್ತೀಯ, ಅಂದೆ.
ಪುಟ ತುಂಬಿ ಮಗ್ಗುಲ ಪುಟಕ್ಕೂ ಹರಿಯಿತು.

ನಾನೇನೂ ಕೇಳಲಿಲ್ಲ. ಚಾಮುಂಡಿಯಾಣೆ, ಕೇಳಲಿಲ್ಲ.
ಆದರೂ ಒಂದು ಬೆಳಿಗ್ಗೆ ಷಟರು ಎತ್ತಲು ನಿಂತಿದ್ದ.
ಮರುವಾರ ಅಕ್ಕಿ ಮೂಟೆ ಇಳಿಸಿದ,
ಆಮೇಲೆ ಗ್ಯಾಸ್ ಸಿಲಿಂಡರು, ಮಗಳ ಲೆಕ್ಕದ ಹೋಂವರ್ಕು.
ನನ್ನ ಸಪ್ಪೆ ಜೋಕಿಗೆ ಎಲ್ಲರಿಗಿಂತ ಮೊದಲು ನಕ್ಕ,
ಅರ್ಥವಾಗದಿದ್ದರೂ.

ಮೂಲೆಯಲ್ಲಿ ಹೊಸ ಮಾರ್ಟು ಬಂದಿತ್ತು,
ಮೊಟ್ಟೆಗೆ ಐವತ್ತು ಪೈಸೆ ಕಡಿಮೆ.
ನೆನ್ನೆ ಅಲ್ಲಿ ನಿಂತಿದ್ದೆಯಂತಲ್ಲ?
ಸುಮ್ಮನೆ ಕೇಳಿದೆ ಅಷ್ಟೆ.
ಗಂಟಲು ನನ್ನದೇ. ದನಿ
ಎಲ್ಲಿಂದ ಬಂತೋ.
ಇಲ್ಲ ಅಂಕಲ್, ಬಸ್ಸಿಗೆ ನಿಂತಿದ್ದೆ, ಅಂದ.
ಅಲ್ಲಿ ಬಸ್ಸು ನಿಲ್ಲುವುದಿಲ್ಲ.

ನಿಂಗಾಜಮ್ಮ ಸೊಪ್ಪು ಸೋಸುತ್ತಾ, ತಲೆ ಎತ್ತದೆ:
ಸಾಲ ಕೊಟ್ಟಿರೋದೋ, ಆಳು ಮಡಿಕ್ಕೊಂಡಿರೋದೋ,
ಅದ್ಯಾವುದು ಅಂತಾನೂ ಪುಸ್ತಕದಲ್ಲಿ ಬರ್ಕಳಿ.

ಕಾರ್ತಿಕದಲ್ಲಿ ಹಣ ಬಂತು.
ಯಾವುದೋ ದೊಡ್ಡ ದೇಶ ಅವರಿಗೆ ಸಾಲ ಕೊಟ್ಟಿತಂತೆ,
ನಮ್ಮದೋ, ಇನ್ನೊಂದೋ, ಕೇಳಲು ಬಾಯಿ ಬರಲಿಲ್ಲ.
ಏಳು ಸಾವಿರದ ನಾನೂರ ಹದಿನಾರು
ಗಲ್ಲಾದ ಮೇಲೆ ಎಣಿಸಿಟ್ಟ.
ಹದಿನಾರು ಬಿಡಪ್ಪ, ಅಂದೆ.
ಬೇಡ, ಅಂದ.
ಅದು ಅವನ ನಾಲ್ಕನೇ ಮಾತು. ಯಾರು ಕಲಿಸಿದರೋ,
ಉಚ್ಚಾರ ಮಾತ್ರ ಸ್ವಚ್ಛವಾಗಿತ್ತು.
ಜೊತೆಗೊಂದು ಕಾಗದದ ಪೊಟ್ಟಣ ಇಟ್ಟುಹೋದ.

ಈಗಲೂ ಬರುತ್ತಾನೆ ಸಂಜೆ.
ಎರಡು ಮೊಟ್ಟೆ, ಸರಿಯಾದ ಚಿಲ್ಲರೆ, ಚಿಕ್ಕದೊಂದು ನಗು.
ಷಟರು ನಾನೇ ಎತ್ತುತ್ತೇನೆ, ಭುಜ ಹಿಡಿದುಕೊಳ್ಳುತ್ತದೆ.
ಮೂವತ್ತೊಂದಕ್ಕೆ ಅಡ್ಡಗೀಟು ಹೊಡೆದಾಯಿತು,
ಬೇರೆ ಹೆಸರು ಇನ್ನೂ ಬರೆದಿಲ್ಲ.

ಪೊಟ್ಟಣದಲ್ಲಿ ಒಣಮೀನಿತ್ತು, ಜಾಲಿಕೊರಡಿನ ಬಣ್ಣ.
ನಿಂಗಾಜಮ್ಮ ಹುಳಿಗೆ ಹಾಕಿ ಕೂಗಿಸಿದಳು
ಮೂರು ವಿಶಲ್ಲು, ಮತ್ತೆ ಎರಡು.
ಮೆತ್ತಗಾಗಲಿಲ್ಲ.